ಸುಮ್ಮನಿರುವ ವಿದ್ಯೆ

ಬಾಯಿ ಮುಚ್ಚಿಕೊಂಡಿರುವುದು ಹೇಗೆ ಎಂಬುದನ್ನು ಗಂಟೆಗಟ್ಟಲೆ ಮಾತಾಡಿ ಕಲಿಸುವವನು ನಾನು. ತಮಾಷೆಯಲ್ಲ, ನನ್ನ ಉದ್ಯೋಗವೇ ಅದು. ಮೆಡಿಕಲ್ ಕಾಲೇಜಿನಲ್ಲಿ ಹೊಸದಾಗಿ ಸಂಶೋಧನೆಗೆ ಇಳಿಯುವ ಎಳೆಯ ಡಾಕ್ಟರುಗಳಿಗೆ ನಾನು ಗೈಡು. ಹಳ್ಳಿಗೆ ಹೋಗಿ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು, ಜನ ಏನೇ ಅಂದರೂ ಶಹಬ್ಬಾಸ್ ಅನ್ನಬಾರದು, ಛೆ ಅನ್ನಬಾರದು, ಮುಖ ಗುಡಿಯ ಮುಂದಿನ ನಂದಿಯ ಹಾಗಿರಬೇಕು ಎಂದು ವರ್ಷವರ್ಷವೂ ಬೋಧಿಸುತ್ತೇನೆ. ಈ ಪಾಠವನ್ನು ಒಮ್ಮೆ ನಂಜನಗೂಡಿನ ನಮ್ಮ ಮನೆಯಲ್ಲೂ ಕೊಚ್ಚಿಕೊಂಡಿದ್ದೆ. ಅವತ್ತು ಹೆಂಡತಿ ಹೊಸ ಥರದ ಹುಳಿ ಮಾಡಿದ್ದಳು. ಒಂದು ತುತ್ತು ಬಾಯಿಗಿಟ್ಟು ನಂದಿಯಾಗಲು ನೋಡಿದೆ. ಉಪ್ಪು ಕಮ್ಮಿ ಅಂತ ಬಾಯಲ್ಲೇ ಹೇಳಬಾರದೇ ಎಂದು ಕೇಳಿದಳು. ನನಗೆ ಬಿ.ಪಿ. ಇದೆ. ಉಪ್ಪು ಕಮ್ಮಿ ಹಾಕುವುದೂ, ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ವಿಚಾರಿಸುವುದೂ ಅವಳ ಇಲಾಖೆಗೆ ಸೇರಿದ್ದು.

ಈ ವರ್ಷ ನನ್ನ ಕೈಗೆ ಸಿಕ್ಕಿದವಳು ಡಾಕ್ಟರ್ ನಯನ, ಚಿಕ್ಕಯ್ಯನಛತ್ರದ ಕಡೆಯ ಹುಡುಗಿ. ಪುಕ್ಕಟೆ ಸಿಗುವ ಬಿ.ಪಿ. ಮಾತ್ರೆಯನ್ನು ಜನ ಯಾಕೆ ಅರ್ಧಕ್ಕೇ ಬಿಡುತ್ತಾರೆ ಎಂಬುದು ಅವಳ ಸಂಶೋಧನೆ. ಅದಕ್ಕಾಗಿ ತಿಂಗಳುಗಟ್ಟಲೆ ಮೂಗೂರಿಗೆ ಓಡಾಡಿದ್ದಳು. ಮೊದಮೊದಲು ಎಲ್ಲರದೂ ಒಂದೇ ಉತ್ತರ, "ದಿನಾ ತಪ್ದೆ ನುಂಗ್ತೀವಿ." ಎಲ್ಲರೂ ಹಾಗೇ ಅಂದುಬಿಟ್ಟರೆ ಅವಳು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಸೊಸೆ ಮೊಮ್ಮಕ್ಕಳ ಸುದ್ದಿಯೆಲ್ಲ ಕೇಳಿಸಿಕೊಂಡು, ಈಗಷ್ಟೇ ಒಬ್ಬೊಬ್ಬರ ಬಾಯಲ್ಲಿ ನಿಜ ಬರತೊಡಗಿತ್ತು. ಸರಿಯಾಗಿ ಆ ಹೊತ್ತಿಗೆ ನನಗೆ ಮಾರ್ಗದರ್ಶನ ಮಾಡುವ ಹುಕಿ ಬಂತು. ನಾನೂ ಬರುತ್ತೇನೆ ಅಂದೆ. ಗೈಡು ಬರುತ್ತೇನೆ ಅಂದರೆ ಬೇಡ ಅನ್ನುವ ಧೈರ್ಯ ಯಾವ ವಿದ್ಯಾರ್ಥಿಗೆ ಇದ್ದೀತು?

ಮೊದಲನೇ ಮನೆಯ ಮಾದೇವ ನಯನಳನ್ನು ನೋಡಿ ನಕ್ಕ. ದಿನಕ್ಕೊಂದು ಕಟ್ಟು ಬೀಡಿ ಸೇದುವುದನ್ನೂ, ಮಾತ್ರೆಯ ಪೊಟ್ಟಣವನ್ನು ಸೂರಿಗೆ ಸಿಕ್ಕಿಸಿ ಮರೆತದ್ದನ್ನೂ ಸರಾಗವಾಗಿ ಹೇಳತೊಡಗಿದ. ಸ್ವಲ್ಪ ಹೊತ್ತು ನಾನು ನಂದಿಯಾಗಿಯೇ ಇದ್ದೆ. ಆಮೇಲೆ ಇಷ್ಟು ವರ್ಷದ ಡಾಕ್ಟರಿಕೆ ಒಳಗಿನಿಂದ ಎದ್ದು ಬಂತು. ನಿನಗೆ ಬುದ್ಧಿ ಇದೆಯೇ, ಲಕ್ವ ಹೊಡೆದು ಮೂಲೆ ಸೇರಿದರೆ ಹೆಂಡತಿ ಮಕ್ಕಳ ಗತಿಯೇನು ಎಂದು ಬೀದಿಗೆಲ್ಲ ಕೇಳುವಂತೆ ಬೈದೆ. ಅವನು ಎದ್ದು ನಿಂತು, ಹೆಗಲ ಟವಲ್ಲು ಕೈಗೆ ತೆಗೆದುಕೊಂಡು, "ಇವತ್ತಿಂದ ಬುಟ್ಬುಟ್ಟೆ ಸಾ" ಅಂದ. ಆಮೇಲೆ ನಯನ ಏನು ಕೇಳಿದರೂ ಎಲ್ಲಾ ಸರಿಯಾಗಿದೆ ಎಂಬುದೇ ಉತ್ತರ. ಹೊರಗೆ ಬಂದ ಮೇಲೆ ಅವಳು ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ, "ಬಿಸಿಲು ಜಾಸ್ತಿ ಸಾರ್. ನೀವು ಸ್ವಲ್ಪ ಜೀಪಲ್ಲಿ ಕೂತಿರ್ತೀರಾ?" ಅಂದಳು. ಡ್ರೈವರ್ ಸಿದ್ದರಾಜು ಬಿ.ಪಿ. ಮೆಷಿನ್ ಹಿಡಿದುಕೊಂಡು ಅವಳ ಹಿಂದೆ ಹೋದ. ಅವನಿದ್ದರೆ ಜನ ಸಲೀಸಾಗಿ ಮಾತಾಡುತ್ತಾರಂತೆ.

ಹೊಂಗೆ ಮರದ ನೆರಳು ಡ್ರೈವರ್ ಸೀಟಿನ ಮೇಲಷ್ಟೇ ಬೀಳುತ್ತಿತ್ತು. ಅಲ್ಲೇ ಕೂತೆ. ನಾಚಿಕೆಯಾದರೆ ನೆರಳಲ್ಲೂ ಬೆವರುತ್ತದೆ ಎಂದು ಅವತ್ತು ತಿಳಿಯಿತು. ಎದುರು ಮನೆಯ ಪುಟ್ಟಮಾದಮ್ಮ ಎಂಬ ಮುದುಕಿ ಎಲೆ ಅಡಿಕೆ ಮೆಲ್ಲುತ್ತಾ ಬಂದು ಜೀಪಿಗೆ ಒರಗಿ ನಿಂತಳು. "ಏನ್ ಡೈವರಪ್ಪ, ಮಾದೇವನ್ ಮನೇಲಿ ಕೂಗಾಡ್ತಿದ್ದ ಡಾಕುಟ್ರು ಯಾರು?" ಯಾರೋ ದೊಡ್ಡ ಡಾಕ್ಟರಂತೆ ಅಂದೆ. ಆ ಮಹಾರಾಯ ನಮ್ಮ ಮನೆಗೆ ಬಂದರೆ ದಿನಾ ನುಂಗುತ್ತೇನೆ ಅಂದುಬಿಡುತ್ತೇನೆ, ಯಾರು ಬೈಸಿಕೊಳ್ಳುತ್ತಾರೆ ಅಂದಳು. ಹಾಗಾದರೆ ನುಂಗುವುದಿಲ್ಲವೇ ಎಂದು ಕೇಳಿದೆ. ಕೇಳಿ, ಜನ್ಮದಲ್ಲಿ ಮೊದಲ ಸಲ ಸುಮ್ಮನಿದ್ದೆ. ಅವಳು ಅತ್ತಿತ್ತ ನೋಡಿದಳು. "ಮನೇಲಿದ್ದ ದಿನ ನುಂಗ್ತೀನಿ ಕಣಪ್ಪ. ನಾಟಿಗೋಗೋ ದಿನ ನುಂಗಲ್ಲ. ನುಂಗುದ್ರೆ ಗಳಿಗ್ಗೊಂದ್ಸಲ ಉಚ್ಚೆಗೋಗ್ಬೇಕು. ಗಂಡಸ್ರಿರೋ ಗದ್ದೆ ಬಯಲಲ್ಲಿ ಎಲ್ಲೋಗನ? ನಮ್ ಗುಂಪ್ನೋರೆಲ್ಲ ಇಂಗೇಯ."

ನಯನ ಬಂದದ್ದೇ ತಡ, ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಎಲ್ಲವನ್ನೂ ಒಪ್ಪಿಸಿದೆ. ಅವಳ ಮುಖ ಅರಳಿತು, ಆಮೇಲೆ ಸಪ್ಪಗಾಯಿತು. "ಒಪ್ಪಿಗೆ ತಗೊಂಡ್ರಾ ಸಾರ್?" ಅಂದಳು. ನಾವು ಯಾರೆಂಬುದನ್ನು ಮುಚ್ಚಿಡಬಾರದು, ಹೇಳಿದವರ ಒಪ್ಪಿಗೆಯಿಲ್ಲದೆ ಒಂದಕ್ಷರವನ್ನೂ ಬಳಸಬಾರದು ಎಂಬುದೂ ನನ್ನದೇ ಪಾಠ. ಇಬ್ಬರೂ ಪುಟ್ಟಮಾದಮ್ಮನ ಮನೆಗೆ ಹೋದೆವು. ಅಮ್ಮಾ, ನಾನು ಡ್ರೈವರ್ ಅಲ್ಲ, ಆಗ ಕೂಗಾಡಿದ ಡಾಕ್ಟರು ನಾನೇ ಅಂದೆ. ಅವಳು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈಮುಗಿದು ನಿಂತಳು. ಮಾದೇವನನ್ನು ಬೈದದ್ದಕ್ಕಿಂತ ಹೆಚ್ಚಾಗಿ, ಆ ಮುಗಿದ ಕೈ ನೋಡಿ ನಾನು ಭೂಮಿಗಿಳಿದುಹೋದೆ. ಜೀಪಿನ ಹತ್ತಿರ ಹೇಳಿದ್ದನ್ನು ಬರೆದುಕೊಳ್ಳಬಹುದೇ ಎಂದು ನಯನ ಮೆತ್ತಗೆ ಕೇಳಿದಳು. "ನಾನೇನೂ ಏಳ್ನಿಲ್ವಲ್ಲ ಬುದ್ದಿ" ಅಂದಳು ನನ್ನ ಕಡೆ ತಿರುಗಿ. ಹಾಗಾದರೆ ಮಾತ್ರೆ? "ದಿನಾ ತಪ್ದೆ ನುಂಗ್ತೀನಿ." ನಯನ ಅದನ್ನೇ ಬರೆದುಕೊಂಡಳು. ಅವಳ ಮುಖ ಮಾತ್ರ ನಂದಿಯ ಮುಖವೇ.

ವಾಪಸು ಬರುತ್ತಾ ಜೀಪು ನರಸೀಪುರ ದಾಟಿತು. ಆಮೇಲೆ ಅವಳು, ಇನ್ನು ಮೇಲೆ ಹೆಂಗಸರ ಹತ್ತಿರ ನಾಟಿ ಕೆಲಸದ ದಿನಗಳ ಬಗ್ಗೆಯೂ ಕೇಳುತ್ತೇನೆ, ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಬಹಳ ವಿನಯದಿಂದ ಹೇಳಿದಳು. ಆಗಲಮ್ಮ ಅಂದೆ.

ಮನೆಗೆ ಬಂದು ಅಂಗಿ ಬಿಚ್ಚುವಾಗ ಜೇಬಿನಲ್ಲಿ ಏನೋ ಕೈಗೆ ಸಿಕ್ಕಿತು. ಬೆಳಿಗ್ಗೆ ಹೆಂಡತಿ ಕೊಟ್ಟ ಮಾತ್ರೆ. ಹಳ್ಳಿಗೆ ಹೋಗುವ ದಿನ ನಾನು ಅದನ್ನು ನುಂಗುವುದಿಲ್ಲ. ದಾರಿಯಲ್ಲಿ ಮೂರು ಸಲ ಜೀಪು ನಿಲ್ಲಿಸು ಅನ್ನಲು ಸಂಕೋಚ, ಅದೂ ವಿದ್ಯಾರ್ಥಿನಿಯ ಎದುರಿಗೆ. ಪಾಪದ ಹುಡುಗಿ ಊರೆಲ್ಲ ಹುಡುಕುತ್ತಿದ್ದ ಉತ್ತರ ಅವಳ ಪಕ್ಕದಲ್ಲೇ, ಗೈಡಿನ ಜೇಬಿನಲ್ಲಿ ಕೂತು ಮೂಗೂರಿಗೆ ಹೋಗಿ ಬಂದಿತ್ತು.

"ಬೆಳಿಗ್ಗೆ ಮಾತ್ರೆ ನುಂಗಿದ್ರಿ ತಾನೆ?" ಎಂದು ಬಾಗಿಲಲ್ಲಿ ನಿಂತು ಹೆಂಡತಿ ಕೇಳಿದಳು.

"ದಿನಾ ತಪ್ಪದೆ ನುಂಗ್ತೀನಲ್ಲ" ಅಂದೆ.

ಅವಳು ಛೆ ಅನ್ನಲಿಲ್ಲ, ಶಹಬ್ಬಾಸ್ ಅನ್ನಲಿಲ್ಲ. ನನ್ನ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಾ ಸುಮ್ಮನೆ ನಿಂತಳು.