ಬಾಯಲ್ಲಿ ಸಾಕಿದ ಹುಳಗಳು

ಚಾಂದ ಪಾಶಾ ಬಾಯಿ ತೆರೆದರೆ ಸಾಕು, ಬೀದರಿನ ಚಿದ್ರಿಯ ಓಣಿಯಲ್ಲಿ ಎದುರಿಗಿದ್ದವರು ಹಿಂದೆ ಸರಿಯುತ್ತಿದ್ದರು. ವಸಡಿನಲ್ಲಿ ರಕ್ತ, ಉಸಿರಿನಲ್ಲಿ ನಾತ. ಔರಾದಿನ ಸಂಬಂಧವಂತೂ ಹುಡುಗಿಯ ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡ ಗಳಿಗೆಯಲ್ಲೇ ಮುರಿದುಬಿದ್ದಿತ್ತು. ಇವತ್ತು ಭಾಲ್ಕಿಯ ನಾಹೀದಳನ್ನು ನೋಡಲು ಹೋಗಬೇಕು. ಅವಳ ಫೋಟೋ ನೋಡಿದಾಗಿನಿಂದ ಪಾಪ, ಹೊಲಿಗೆ ಮಷೀನಿನ ಮುಂದೆ ಕೂತರೂ ಅವನ ಕೈ ಓಡುತ್ತಿರಲಿಲ್ಲ. ಇದೂ ತಪ್ಪಿದರೆ ಏನು ಗತಿ ಎಂದು ಬೆಳಿಗ್ಗೆಯೇ ಹಲ್ಲಿನ ಡಾಕ್ಟರ್ ಮಾಯಾ ಅವರ ಕುರ್ಚಿಗೆ ಹೋಗಿ ಬಿದ್ದ.

ಡಾಕ್ಟರು ಹಲ್ಲು ಕೆರೆದು ಸ್ವಚ್ಛ ಮಾಡಿ, ಗುಳಿಗೆ ಕೊಟ್ಟರು.

“ಕೆಟ್ಟ ಕ್ರಿಮಿ ನಿಮ್ಮ ವಸಡಿನ ಸಂದ್ಯಾಗ ಅಂಟಂಟು ಪದರ ಕಟ್ಕೊಂಡು ಕುಂತಿದ್ವು. ಮತ್ತ ಬಂದು ಕೂಡಬಾರದಂತ ಈ ಗುಳಿಗಿ. ಇದರಾಗ ಒಳ್ಳೆ ಕ್ರಿಮಿ ಅವ, ಜೀವಂತ. ಬಾಯಾಗ ಕರಗಿಸ್ರಿ, ಅವು ಜಾಗಾ ಹಿಡೀತಾವ. ಸ್ವಲ್ಪ ಹೊತ್ತು ಏನೂ ತಿನಬ್ಯಾಡ್ರಿ, ಬಿಸಿ ಚಾ ಅಂತೂ ಬ್ಯಾಡೇ ಬ್ಯಾಡ.”

“ಸಂಜೀ ಒಳಗ ವಾಸನಿ ಹೋಗ್ತದಲ್ರೀ?”

“ಸಂಜೀಗೇ ಹ್ಯಾಂಗ ಹೋಗ್ತದ್ರೀ? ವಾರಗಟ್ಟಲೆ ತಗೋಬೇಕು.”

ಪಾಶಾ ಆಗಲೇ ಬಾಗಿಲು ದಾಟಿದ್ದ. ಗುಳಿಗೆ ಬಾಯಿಗೆ ಹಾಕಿ, ತುಟಿ ಬಿಗಿದುಕೊಂಡು ಮನೆ ಸೇರಿದ.

ಪಕ್ಕದ ಮನೆಯ ಕಾಶೀರಾಮ ಸುಮ್ಮನಿರುವ ಆಸಾಮಿಯೇ? “ಯಾಕೋ ಪಾಶಾ, ಬಾಯಿ ಬಿಡವಲ್ಲಿ? ಹಲ್ಲು ನೋವೇನು? ತಡಿ!” ಎಂದವನೇ ಬಿಸಿ ಬಿಸಿ ಅರಿಶಿನ ನೀರು ತಂದು, ಗದ್ದ ಹಿಡಿದು ಸುರಿದೇಬಿಟ್ಟ.

“ಅಯ್ಯೋ, ಸತ್ತ್ವೋ!” ಪಾಶಾ ಕೂಗಿದ.

“ಯಾರು ಸತ್ರೋ?”

“ನನ್ನ ಹುಳಾ!”

ಕಾಶೀರಾಮ ಲೋಟ ಅಲ್ಲೇ ಇಟ್ಟು ತನ್ನ ಮನೆಗೆ ಹೋಗಿ ಚಿಲಕ ಹಾಕಿಕೊಂಡ. ಪಾಶಾನ ಹಲ್ಲೆಲ್ಲ ಹಳದಿಯಾಗಿತ್ತು. ಪಾಶಾ ಬಾಯಿ ಒರೆಸಿಕೊಂಡು ಇನ್ನೊಂದು ಗುಳಿಗೆ ಹಾಕಿಕೊಂಡ.

ಸಂಬಂಧ ತಂದಿದ್ದ ಮುನ್ನಿಬೀ ಜೊತೆಗೆ ಭಾಲ್ಕಿ ಬಸ್ ಹತ್ತಿದ. ಕಂಡಕ್ಟರು ಎಲ್ಲಿಗೆಂದು ಕೇಳಿದರೆ ಕೈಸನ್ನೆ. ಮರುಗಿದ ಕಂಡಕ್ಟರು, “ಪಾಪ, ಮೂಕ ಇದ್ದಾನ, ಜಾಗಾ ಕೊಡ್ರಿ” ಎಂದು ಒಬ್ಬರನ್ನು ಎಬ್ಬಿಸಿ ಕೂರಿಸಿದ.

“ಮೂಕ ಅಲ್ರೀ,” ಎಂದಳು ಕಾಶೀರಾಮನಿಂದ ಹುಳದ ಸುದ್ದಿ ಕೇಳಿದ್ದ ಮುನ್ನಿಬೀ, ಇಡೀ ಬಸ್ಸಿಗೆ ಕೇಳುವಂತೆ, “ಬಾಯಾಗ ಜೀವಂತ ಹುಳಾ ಸಾಕ್ಯಾನ!”

ಅವನ ಸೀಟಷ್ಟೇ ಅಲ್ಲ, ಹಿಂದಿನದು ಮುಂದಿನದು ಎಲ್ಲವೂ ಖಾಲಿಯಾದವು. ಮುನ್ನಿಬೀ ಆರಾಮಾಗಿ ಕಾಲು ಚಾಚಿ ಕೂತಳು. ಪಾಶಾನಿಗೆ ಅಳು ಬಂದರೂ ಬಾಯಿ ತೆರೆಯಲಿಲ್ಲ. ಭಾಲ್ಕಿ ಬಂತೆನ್ನುವಾಗ ಧೈರ್ಯಕ್ಕೆಂದು ಮತ್ತೊಂದು ಗುಳಿಗೆ ಒಳಗಿಟ್ಟ.

ಹುಡುಗಿಯ ತಾಯಿ ಹಾಜಿರಾಬೀ ಚಾಪೆ ಹಾಸಿ ಕೂರಿಸಿದಳು. ನಾಹೀದ ಚಹಾ ತಂದಳು. ಫೋಟೋಗಿಂತ ಚೆಲುವೆ. ಪಾಶಾ ಕಪ್ಪು ಹಿಡಿದು ಹೊಗೆಯಾಡುವುದನ್ನೇ ನೋಡುತ್ತ ಕೂತ.

“ಕುಡೀರಿ. ನಮ್ಮ ಮನಿ ಚಾ ನಡೆಯಂಗಿಲ್ಲೇನು?” ಹಾಜಿರಾಬೀಯ ಮುಖ ಗಂಟಾಯಿತು. ಮನೆಗೆ ಬಂದವನು ಚಹಾ ಬೇಡವೆಂದರೆ ಸಂಬಂಧವೇ ಬೇಡವೆಂದ ಹಾಗೆ. ಮುನ್ನಿಬೀ ಪಕ್ಕೆಗೆ ತಿವಿದಳು.

ಹೋಗಲಿ, ಕೋಟಿ ಹುಳ ಸಾಯಲಿ, ನಾಹೀದ ಸಿಕ್ಕರೆ ಸಾಕು! ಕಣ್ಣು ಮುಚ್ಚಿ ಒಂದು ಗುಟುಕು ಹೀರಿದ. ಯಾ ಅಲ್ಲಾ, ಬರೀ ಉಪ್ಪು! ನಾಲಿಗೆ ಮುದುಡಿಹೋಯಿತು. ಆದರೂ ಹುಡುಗಿಯ ಮನಸ್ಸು ನೋಯಬಾರದಲ್ಲ ಎಂದು ಪೂರ್ತಿ ಕುಡಿದು, ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದ: “ವಾಹ್! ಇಂಥ ಚಾ ಬೀದರದಾಗೂ ಕುಡಿದಿಲ್ರೀ!”

ನಾಹೀದಳ ಮುಖ ಬಾಡಿತು.

“ಕೊರೊನಾ ಬಂದು ಹೋದಾಗಿಂದ ನನಗ ರುಚಿ ಗೊತ್ತಾಗಂಗಿಲ್ರಿ. ಅಡಗಿ ಉಪ್ಪಾದ್ರ ಉಪ್ಪಾಗ್ಯಾದ ಅಂತ ಖರೇ ಹೇಳೋ ಮನುಷ್ಯಾ ಬೇಕಂತ ಚಾದಾಗ ಉಪ್ಪು ಹಾಕಿದ್ದೆ. ಬಂದವರೆಲ್ಲ ವಾಹ್ ವಾಹ್ ಅಂದು ಹೋದ್ರು. ನೀವೂ ಅವರಂಗೇ.”

ಪಾಶಾ ಮುಖ ಇತ್ತ ತಿರುಗಿಸಿದ. “ರುಚಿ ಅಷ್ಟೇನ್ರೀ? ವಾಸನಿ...?”

“ವಾಸನೀನೂ ಗೊತ್ತಾಗಂಗಿಲ್ಲ.”

“ಅಂದ್ರ ನಾ ಹ್ಯಾಂಗಿದ್ದೆ ಹಂಗೇ ಬಂದ್ರ ನಡೀತಿತ್ತೇನ್ರೀ?”

“ನಡೀತಿತ್ತು,” ಎಂದಳು ನಾಹೀದ, ಖಾಲಿ ಕಪ್ಪು ಎತ್ತಿಕೊಳ್ಳುತ್ತ. “ಚಾ ಥೂ ಅಂತ ಉಗುಳಿದ್ರ ಇವತ್ತೇ ಹ್ಞೂಂ ಅಂತಿದ್ದೆ.”