ಬಾಡಿಗೆ ರೋಗಿ

ಎಡವಟ್ಟು ಶುರುವಾದದ್ದು ಉಮ್ಮ್ ಹಿಂದಾವಿ ಹೊಟ್ಟೆ ಬಿಟ್ಟು ಹೃದಯದ ಕಡೆಗೆ ಹೋದದ್ದರಿಂದ. ಈಜಿಪ್ಟಿನ ದಮನ್ಹೂರಿನ ಆಸ್ಪತ್ರೆಯಲ್ಲಿ ಆಕೆ ವೃತ್ತಿಯಿಂದಲೇ ರೋಗಿ. ಡಾಕ್ಟರುಗಳ ಪರೀಕ್ಷೆಯಲ್ಲಿ, ಪಾಠದಲ್ಲಿ ಮಂಚದ ಮೇಲೆ ಮಲಗಿ ನರಳಿಕೊಡುತ್ತಿದ್ದಳು. ಆ ಬುಧವಾರ ಹೃದಯ ವಿಭಾಗದವರು ಊಟವನ್ನೂ ಹಾಕುತ್ತೇವೆಂದರು. ಆಕೆ ಎದೆ ಹಿಡಿದುಕೊಂಡು ಅತ್ತ ನಡೆದಳು.

ಆ ದಿನದ ಪಾಠಕ್ಕೆ ಆಕೆಯನ್ನೇ ನಂಬಿ ಕೆಟ್ಟವಳು ಹೆಂಗಸರ ವಿಭಾಗದ ಕಿರಿಯ ವೈದ್ಯೆ ರಬಾಬ್. ಹೊಸ ಸಂಶೋಧನೆಗಳನ್ನು ತಿಂಗಳಿಗೊಮ್ಮೆ ಹಿರಿಯ ಡಾಕ್ಟರುಗಳ ಕಿವಿಗೆ ಹಾಕುವ ಕೆಲಸ ಅವಳದು. ಆ ಕಿವಿಗಳೋ, ಸೀಟೆಲ್ಲ ತುಂಬಿದ ಬಸ್ಸು. ಹೊಸದಾಗಿ ಬಂದದ್ದು ಬಾಗಿಲಲ್ಲೇ ಜೋತಾಡಬೇಕು.

ಈ ಸಲ ಅವಳು ಆರಿಸಿದ್ದು ಮುಟ್ಟಿನ ನೋವು ಮತ್ತು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದು ಹಿಂಡುವ ಕಾಯಿಲೆ. ತನಗೂ ಅದೇ ಇರಬೇಕೆಂದು ಅವಳ ಅನುಮಾನ. ಕೈರೋದ ತಜ್ಞೆಗೆ ತೋರಿಸಲು ಎರಡು ಸಲ ರಜೆ ಕೇಳಿದ್ದಳು. ಮುಖ್ಯಸ್ಥ ಡಾ. ಶೌಕತ್ ಎರಡು ಸಲವೂ ಚಕ್ಕೆ ಕಷಾಯ ಕುಡಿ ಎಂದು ಹೇಳಿ ಕಳಿಸಿದ್ದರು. ಪಾಠ ಅವರ ತಲೆಗೆ ಹೋದರೆ ರಜೆ ತನ್ನ ಕೈಗೆ ಬಂದೀತೆಂಬುದು ಅವಳ ಆಸೆ.

"ಕೇಸ್ ಎಲ್ಲಮ್ಮಾ?" ಎಂದರು ಶೌಕತ್, ಖಾಲಿ ಮಂಚ ನೋಡಿ.

"ಬಂದಿಲ್ಲ ಸರ್. ಪರದೆ ಮೇಲೆ ಚಿತ್ರ ತೋರಿಸ್ತೀನಿ."

"ಚಿತ್ರ ನೋಡೋಕೆ ನಮ್ಮನೇಲಿ ಟೀವಿ ಇಲ್ವಾ?" ಎಂದರು ಡಾ. ಮಮ್ದೂಹ್, ಬಸ್ಬೂಸಾ ಎಂಬ ರವೆ ಸಿಹಿಯ ತಟ್ಟೆಯನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು.

"ಅದಕ್ಯಾಕೆ ಕೊರಗ್ತೀರಿ? ನಾನೇ ಮಲಗ್ತೀನಿ," ಎಂದಳು ಹಿರಿಯ ನರ್ಸ್ ಹಾಜ್ಜಾ ಇನ್ಸಾಫ್.

"ಬೇಡ ಹಾಜ್ಜಾ, ನೀವು ಮಲಗಿದ್ರೆ ನರಳಾಟ ಅಲ್ಲ, ಗೊರಕೆ ಕೇಳ್ಸುತ್ತೆ!" ಎಂದರು ಮಮ್ದೂಹ್.

ನಗು ಇಳಿಯುವವರೆಗೂ ಕಾದು ರಬಾಬ್ ಶುರುಮಾಡಿದಳು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇರಬಹುದು. ಈ ನೋವಿಗೆ ಮದುವೆ ಮದ್ದಲ್ಲ. ಅಷ್ಟು ಹೇಳುವಷ್ಟರಲ್ಲಿ ಬೆಳಗಿನಿಂದ ಹಲ್ಲುಕಚ್ಚಿ ತಡೆದಿದ್ದ ನೋವು ಬಟ್ಟೆ ಹಿಂಡಿದಂತೆ ಹಿಂಡಿತು. ಮಂಚ ಹತ್ತಿರವಿತ್ತು. ಮುದುರಿ ಬಿದ್ದಳು.

"ಭಲೇ! ತಾನೇ ಕೇಸ್ ಆಗ್ಬಿಟ್ಲು!" ಎಂದರು ಮಮ್ದೂಹ್.

ಸಭೆ ಮಂಚವನ್ನು ಮುತ್ತಿತು.

"ಯಾವಾಗಿಂದ ತಾಯಿ ಈ ನೋವು?" ಎಂದು ಕೇಳಿದರು ಶೌಕತ್.

"ಸ್ಕೂಲಿಗೆ ಹೋಗ್ತಿದ್ದಾಗ್ಲಿಂದ."

"ಸ್ಕ್ಯಾನ್ ಮಾಡ್ಸಿದ್ಯಾ?"

"ಮಾಡ್ಸಿದೆ. ಏನೂ ಇಲ್ಲ ಅಂದ್ರು."

"ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಾನಾ?" ಶೌಕತ್ ಸುತ್ತಲಿದ್ದವರನ್ನು ಗದರಿದರು. "ಇಷ್ಟು ವರ್ಷ ಈ ಹುಡುಗಿ ಮಾತು ಯಾರೂ ನಂಬಿಲ್ಲ. ಮೊದಲು ನಂಬಬೇಕು, ಆಮೇಲೆ ಔಷಧಿ. ತಡಮಾಡದೆ ತಜ್ಞರ ಹತ್ರ ಕಳಿಸ್ಬೇಕು!"

ಮಮ್ದೂಹ್ ಬಸ್ಬೂಸಾ ಕೆಳಗಿಟ್ಟರು. ಅಂಥದ್ದನ್ನು ಆ ಆಸ್ಪತ್ರೆ ಹಿಂದೆಂದೂ ಕಂಡಿರಲಿಲ್ಲ. ರಬಾಬಳ ಕಣ್ಣು ತುಂಬಿ ಬಂತು. ಕಣ್ಣೀರಿಗೆ ಬೇರೆಯಾಗಿ ಚಪ್ಪಾಳೆ ಬಿತ್ತು.

ಎಲ್ಲರೂ ಚದುರಿದ ಮೇಲೆ ಅವಳು ಗೋಡೆ ಹಿಡಿದುಕೊಂಡು ಶೌಕತ್ತರ ಹಿಂದೆ ಹೋದಳು. "ಸರ್, ಅದು ನಟನೆ ಅಲ್ಲ. ನಿಜವಾಗ್ಲೂ ನಂಗೇ ನೋವು. ನೀವೇ ಹೇಳಿದ್ರಲ್ಲ, ತಜ್ಞರ ಹತ್ರ ಕಳಿಸ್ಬೇಕು ಅಂತ. ಕೈರೋಗೆ ಹೋಗೋಕೆ ರಜೆ…"

ಶೌಕತ್ ನಿಂತರು. ಅವರ ಮುಖ ಮೃದುವಾಯಿತು.

"ನಿಂಗಾ? ಅಯ್ಯೋ ಮಗಳೇ, ಅದು ಕೇಸಿಗೆ ಹೇಳಿದ್ದು. ನೀನು ಗಟ್ಟಿಗಿತ್ತಿ. ಇದೆಲ್ಲ ಮದುವೆ ಆದ್ರೆ ಸರಿಹೋಗುತ್ತೆ. ಅಲ್ದೆ ರಜೆ ಎಲ್ಲಿಂದ ಕೊಡ್ಲಿ? ಮುಂದಿನ ವಾರ ಪಕ್ಕದೂರಿನ ಡಾಕ್ಟ್ರುಗಳಿಗೂ ಇದೇ ಪಾಠ ಒಪ್ಕೊಂಡಿದ್ದೀನಿ. ಹಾಜ್ಜಾ, ಇವಳಿಗೊಂದು ಲೋಟ ಚಕ್ಕೆ ಕಷಾಯ ಕೊಡಿ!"

ಕಷಾಯ ಬಂತು. ರಬಾಬ್ ಕುಡಿಯಲಿಲ್ಲ. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು ಬಾಗಿದಳು.

"ಹಾಂ, ಇದೇ!" ಎಂದರು ಶೌಕತ್ ಮೆಚ್ಚಿ. "ಅಲ್ಲೂ ಹೀಗೇ ಬಗ್ಗು."