ಅಳಿಯ ಆಡಳಿತ, ಮಾವ ವಿರೋಧ

ನನ್ನ ಮಗಳು ನನ್ನ ಅಪ್ಪನ ಮುಖ ಮರೆಯುತ್ತಿದ್ದಾಳೆ. ಸದ್ಯಕ್ಕೆ ನನ್ನನ್ನು ತಿನ್ನುತ್ತಿರುವ ಚಿಂತೆ ಇದು. (ನನ್ನ ಬಳಿ ಚಿಂತೆಗಳಿಗೆ ಬರವಿಲ್ಲ. ಗ್ಯಾಸ್ ಆರಿಸಿದೆನೇ, ಮಗು ಅಂಗಿಯ ಗುಂಡಿ ನುಂಗಿತೇ, ನಲ್ಲಿ ನೀರಿನ ಬಣ್ಣ ನೆಟ್ಟಗಿದೆಯೇ ಎಂದು ಒಂದೊಂದೇ ಪಾಳಿಯ ಮೇಲೆ ಬಂದು ಹೋಗುತ್ತವೆ. ಇದು ಮಾತ್ರ ಬಂದದ್ದು ಹೋಗಲಿಲ್ಲ.) ಮೊನ್ನೆ ಗೋಡೆಯ ಮೇಲಿನ ಫೋಟೋ ತೋರಿಸಿ, "ಇವರು ಯಾರು ಹೇಳು ಪುಟ್ಟಿ?" ಎಂದೆ. ನನ್ನ ಮೂರು ವರ್ಷದ ಕೂಸು ತಲೆ ಓರೆ ಮಾಡಿ, ಬೆರಳು ಚೀಪಿ, ಬಹಳ ಯೋಚಿಸಿ, "ಟೀವೀಲಿ ಬರೋ ಮಾಮ" ಎಂದಿತು.

ನಮ್ಮ ಮನೆಯ ಟೀವಿಯಲ್ಲಿ ಬರುವವರೆಲ್ಲ ಮಂತ್ರಿಗಳು. ಅಪ್ಪನ ಕಿವಿಗೆ ಇದು ಬಿದ್ದರೆ ಇನ್ನೊಂದು ವರ್ಷ ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ನನಗೆ ಮತ್ತೂ ಹೆದರಿಕೆಯಾಯಿತು.

ಇಷ್ಟಕ್ಕೂ ಕಾರಣ ಒಂದು ಸೇತುವೆ. ಇನ್ನೂ ಕಟ್ಟಿಲ್ಲದ ಸೇತುವೆ. ನಮ್ಮ ರಸ್ತೆಯ ಕೊನೆಯಲ್ಲಿ ನಾಲ್ಕಾರು ಕಂಬಗಳು ತಲೆಯ ಮೇಲೆ ಕಬ್ಬಿಣದ ಸರಳು ಕೆದರಿಕೊಂಡು ನಿಂತಿವೆ. ಹಿಂದಿನವರು ಅಳತೆ ತಪ್ಪಿಸಿದರು, ಅದಕ್ಕೇ ನಿಂತಿತು ಎನ್ನುತ್ತದೆ ಆಡಳಿತ ಪಕ್ಷ. ಈಗಿನವರು ನುಂಗಿದರು, ಅದಕ್ಕೇ ನಿಂತಿತು ಎನ್ನುತ್ತದೆ ವಿರೋಧ ಪಕ್ಷ. ಚುನಾವಣೆಯಾಗಿ ಕುರ್ಚಿಗಳು ಅದಲುಬದಲಾದರೆ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ. ಭಾಷಣದ ಹಾಳೆ ಅದೇ, ಓದುವ ಬಾಯಿ ಬೇರೆ. ಇದು ನನ್ನಂಥ ಪೆದ್ದಿಗೂ ಅರ್ಥವಾಗಿದೆ. ಅರ್ಥವಾಗದವರು ಇಬ್ಬರೇ: ನನ್ನ ಗಂಡ ಮತ್ತು ನನ್ನ ಅಪ್ಪ.

ಇವರು ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದಾರೆ. ಮೇಲೆ ಹೋಗುತ್ತಿರುವುದನ್ನು ನಡುವೆ ನಿಲ್ಲಿಸಬಾರದು ಎಂಬುದು ಇವರ ರಾಜಕೀಯ ಸಿದ್ಧಾಂತ; ಆದ್ದರಿಂದ ಆಡಳಿತ ಪಕ್ಷ. ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಅಚ್ಚಾಗುವುದೆಲ್ಲದರಲ್ಲೂ ತಪ್ಪು ಹುಡುಕಿಯೇ ನಮ್ಮನ್ನು ಸಾಕಿದವರು. ಅಂಥವರು ವಿರೋಧ ಪಕ್ಷವಾಗದೆ ಇನ್ನೇನಾಗುತ್ತಾರೆ? ಇವರಿಗೆ ನಮ್ಮ ಕ್ಷೇತ್ರದ ಆಡಳಿತ ಪಕ್ಷದ ನಾಯಕ ದೇವರು. ಆತ ಶೋಕಸಭೆಯಲ್ಲೂ ಹಲ್ಲು ಬಿಡುವುದರಿಂದ ನಾನು ಇಟ್ಟ, ಈಗ ಮನೆಮಂದಿಯೆಲ್ಲ ಬಳಸುವ ಹೆಸರು ನಗುಮುಖ. ಅಪ್ಪನ ಆರಾಧ್ಯದೈವ ಸೋತ ಅಭ್ಯರ್ಥಿ. ನೀರು ಕೇಳುವಾಗಲೂ ಗುಡುಗುವ ಆತ ಗರ್ಜನೆ. ನಾನು ಪಕ್ಷೇತರಳು.

ಪುಟ್ಟಿಯ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸಿ ಎಲ್ಲರೂ ತಟ್ಟೆ ಹಿಡಿದಿದ್ದೆವು. ಬಸ್ಸು ಸುತ್ತಿ ಬಂದದ್ದರಿಂದ ತಡವಾಯಿತು ಎಂದರು ಅಪ್ಪ. ಅಷ್ಟೇ.

"ಮುಂದಿನ ವರ್ಷ ಸೇತುವೆ ಮೇಲೇ ಬರ್ತೀರಿ ಬಿಡಿ ಮಾವ" ಎಂದರು ಇವರು.

"ಯಾವುದರ ಮೇಲೆ? ನಿಮ್ಮ ನಗುಮುಖ ಹಲ್ಲು ಬಿಟ್ಕೊಂಡು ಮಲಗಿರ್ತಾನಾ, ಅವನ ಮೇಲೆ ನಡ್ಕೊಂಡು ಬರ್ಲಾ?"

"ನಿಮ್ಮವರು ಅಳತೆ ಸರಿಯಾಗಿ ಹಾಕಿದ್ದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು."

"ನಿಮ್ಮವರು ನುಂಗದೆ ಇದ್ದಿದ್ರೆ ಇನ್ನೂ ಮುಂಚೇನೇ ಮುಗೀತಿತ್ತು!"

"ಅಪ್ಪಾ, ಕೇಕು" ಎಂದೆ ನಾನು. "ರೀ, ಪುಟ್ಟಿ" ಎಂದೆ. ಸದನದಲ್ಲಿ ನನ್ನ ಧ್ವನಿ ಯಾರಿಗೂ ಕೇಳಿಸಲಿಲ್ಲ. ನುಂಗಿದ್ದು, ಕುಡಿದದ್ದು, ಮಾರಿಕೊಂಡದ್ದು ಎಲ್ಲ ಆಗಿ ಕೊನೆಗೆ ಇವರ ಬಾಯಿಂದ, "ತಪ್ಪು ಹುಡುಕೋದು ಬಿಟ್ಟು ಜೀವನದಲ್ಲಿ ಇನ್ನೇನು ಮಾಡಿದೀರಿ ನೀವು?" ಎಂದು ಬಂದುಬಿಟ್ಟಿತು. ಅಪ್ಪ ಎದ್ದರು. ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ, ನನ್ನನ್ನು ಕೇಳಿದರು: "ನೀನು ಯಾವ ಕಡೆಯಮ್ಮಾ?"

"ನಾನು ಯಾವ ಕಡೆಯೂ ಅಲ್ಲಪ್ಪ" ಎಂದೆ. ಪಕ್ಷೇತರಳಲ್ಲವೇ!

ಅಪ್ಪ ಸಭಾತ್ಯಾಗ ಮಾಡಿದರು. ಸಿಟ್ಟಿನಲ್ಲಿ ಕೇಕಿನ ತಟ್ಟೆ ಕೈಯಲ್ಲೇ ಉಳಿದಿತ್ತು. ಅದನ್ನು ತೊಳೆದು, ಹತ್ತಿಯಲ್ಲಿ ಸುತ್ತಿ, ಕೊರಿಯರ್ ಮಾಡಿದರು. ವಿರೋಧ ಪಕ್ಷವೊಂದು ಸರ್ಕಾರಿ ಸ್ವತ್ತನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸಿದ್ದು ಬಹುಶಃ ಚರಿತ್ರೆಯಲ್ಲೇ ಮೊದಲು. ನಾನು ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತೆ.

ಕೆಲವು ವಾರ ಕಳೆದ ಮೇಲೆ ನನಗೊಂದು ಭರ್ಜರಿ ಉಪಾಯ ಹೊಳೆಯಿತು. ಒಂದು ಭಾನುವಾರ ಸಂಜೆ ಸರ್ವಪಕ್ಷ ಸಭೆ ಕರೆದೆ. ಅಪ್ಪನಿಗೆ, "ಅಳಿಯಂದಿರು ತುಂಬ ನೊಂದಿದ್ದಾರೆ, ಕ್ಷಮೆ ಕೇಳುತ್ತಾರಂತೆ" ಎಂದು ಸಂದೇಶ ಕಳಿಸಿದೆ. ಇವರಿಗೆ, "ಅಪ್ಪ ತುಂಬ ನೊಂದಿದ್ದಾರೆ, ಕ್ಷಮೆ ಕೇಳುತ್ತಾರಂತೆ" ಎಂದು ಹೇಳಿದೆ. (ರಾಜತಂತ್ರ ಎಂದರೆ ಒಂದೇ ಸುಳ್ಳನ್ನು ಇಬ್ಬರಿಗೂ ಸಮನಾಗಿ ಹಂಚುವುದು ಎಂದು ನಾನು ತಿಳಿದಿದ್ದೆ.) ಮೇಜಿನ ಬಟ್ಟೆ ಬದಲಿಸಿ, ಬಿಸ್ಕತ್ತು ಜೋಡಿಸಿ, ಇಬ್ಬರ ಕುರ್ಚಿಯ ನಡುವೆ ಪುಟ್ಟಿಯನ್ನು ಸಭಾಧ್ಯಕ್ಷೆಯಾಗಿ ಕೂರಿಸಿದೆ.

ಅಪ್ಪ ಬರಲಿಲ್ಲ. ಚಹಾ ಆರಿತು. ಅಷ್ಟರಲ್ಲಿ ಇವರ ಫೋನು ಬಡಿದುಕೊಂಡಿತು. ಹೊರಗೆ ಹೋಗಿ ಪಿಸುಪಿಸು ಮಾತಾಡಿ ಬಂದವರು, "ಎಲ್ಲೋ ಲಿಫ್ಟ್ ಸಿಕ್ಕಿಹಾಕ್ಕೊಂಡಿದೆಯಂತೆ, ಬರ್ತೀನಿ" ಎಂದು ಅಂಗಿ ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

"ಸಭೆ ತಪ್ಪಿಸ್ಕೊಳ್ಳೋಕೆ ಲಿಫ್ಟೇ ಬೇಕಿತ್ತಾ ನಿಮಗೆ?"

"ಒಳಗೆ ಜನ ಇದಾರೆ ಕಣೇ!" ಎಂದು ಮೆಟ್ಟಿಲಿನಿಂದಲೇ ಕೂಗಿದರು.

ಆಡಳಿತ ಪಕ್ಷದ್ದೂ ಸಭಾತ್ಯಾಗ. ಬಿಸ್ಕತ್ತುಗಳನ್ನು ಸಭಾಧ್ಯಕ್ಷೆ ತಿಂದು ಮುಗಿಸಿದಳು.

ಅಂದಿನಿಂದ ನನ್ನ ಸಂದೇಶಗಳಿಗೆ ಅಪ್ಪನ ಉತ್ತರವೇ ನಿಂತುಹೋಯಿತು. ನನ್ನಪ್ಪ ಎಷ್ಟೇ ಕೋಪವಿದ್ದರೂ ನನ್ನ ಕಾಗುಣಿತ ಕಂಡು ಸುಮ್ಮನಿರುವವರಲ್ಲ. 'ಊಟ ಆಯಿತೆ' ಎಂದು ಕೇಳಿದರೆ ಊಟದ ವಿಷಯ ಬಿಟ್ಟು ದೀರ್ಘ ತಿದ್ದಿ ಕಳಿಸುವವರು. ಹಾಗಾಗಿ ಬೇಕೆಂದೇ ಪ್ರತಿ ಪದದಲ್ಲೂ ತಪ್ಪು ಮಾಡಿ ಒಂದು ಉದ್ದನೆಯ ಸಂದೇಶ ಬರೆದೆ. ಪುಟ್ಟಿಗೆ ಹಲ್ಲು ನೋವು, ನೀನು ಬಂದು ಹೋಗು ಎಂದು. ಅದನ್ನೂ ತಿದ್ದಲಿಲ್ಲ. ಅವತ್ತೇ ನನಗೆ ಖಾತ್ರಿಯಾಯಿತು: ಅಪ್ಪ ನನ್ನನ್ನು ಕೈಬಿಟ್ಟರು.

ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎಷ್ಟೋ ಸಲ ಕೈಗೆತ್ತಿಕೊಂಡೆ. ಎತ್ತಿದ ಕೂಡಲೇ ಅಪ್ಪ ಮತ್ತೆ ಅದೇ ಪ್ರಶ್ನೆ ಕೇಳಿದರೆ? ಈ ಕಡೆ ಎಂದರೆ ಗಂಡನಿಗೆ ದ್ರೋಹ, ಆ ಕಡೆ ಎಂದರೆ ಅಪ್ಪನಿಗೆ. ಹೆದರಿ ಕೆಳಗಿಡುತ್ತಿದ್ದೆ. ಬದಲಿಗೆ ಮನೆಯಲ್ಲಿ ಸುಗ್ರೀವಾಜ್ಞೆ ಹೊರಡಿಸಿದೆ: ಯಾವ ಪಕ್ಷದ ಹೆಸರೂ ಎತ್ತಕೂಡದು. ಇವರು ಚಕಾರವೆತ್ತದೆ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದೂ ನನಗೊಂದು ಚಿಂತೆಯಾಯಿತು. ಅದಕ್ಕೆ ಸರಿಯಾಗಿ, ಊರಿನ ಲಿಫ್ಟುಗಳೆಲ್ಲ ಮಾತಾಡಿಕೊಂಡಂತೆ ಶನಿವಾರವೇ ಕೆಡತೊಡಗಿದವು.

ಹೀಗಿರುವಾಗ, ಒಂದು ಶನಿವಾರ ಬೆಳಿಗ್ಗೆ, ಇವರು ಎಂದಿನಂತೆ ಹೋಗಿದ್ದಾರೆ, ನಾನು ಬಟ್ಟೆಗೆ ಇಸ್ತ್ರಿ ಹಾಕುತ್ತ ಟೀವಿ ಹಚ್ಚಿದೆ. ವೇದಿಕೆಯ ಮೇಲೆ ನಗುಮುಖ ಮತ್ತು ಗರ್ಜನೆ! ಒಂದೇ ದೊಡ್ಡ ಹಾರದೊಳಗೆ ಇಬ್ಬರ ಕತ್ತು. ಗರ್ಜನೆ ರಾತ್ರೋರಾತ್ರಿ ಆಡಳಿತ ಪಕ್ಷ ಸೇರಿದ್ದರು. ನಗುಮುಖ ಅವರ ಬಾಯಿಗೆ ಸಿಹಿ ತುರುಕುತ್ತಿದ್ದರು. ಸೇತುವೆಯ ಗತಿಯೇನು ಎಂದು ಯಾರೋ ಕೇಳಿದರು. "ಅದೆಲ್ಲ ಹಳೇ ವಿಷಯ, ಮನಸ್ಸುಗಳ ನಡುವೆ ಸೇತುವೆ ಆಗಿದೆಯಲ್ಲ" ಎಂದು ಗರ್ಜನೆ ಮೆಲ್ಲಗೆ, ತೀರ ಮೆಲ್ಲಗೆ ಹೇಳಿದರು.

ಇಸ್ತ್ರಿಪೆಟ್ಟಿಗೆ ಇವರ ಒಳ್ಳೆಯ ಅಂಗಿಯ ಬೆನ್ನಿನ ಮೇಲೆ ಹಾಗೆಯೇ ಕೂತಿತ್ತು. ಸುಟ್ಟ ವಾಸನೆ ಬಂದ ಮೇಲೆ ಎಚ್ಚರವಾಯಿತು. ಟೀವಿಯಲ್ಲಿನ ಈ ಇಬ್ಬರಿಗಾಗಿಯೇ ನನ್ನ ಮನೆಯಲ್ಲಿ ಒಂದು ಕುರ್ಚಿ ಖಾಲಿಯಾದದ್ದು? ಇಂಥವರಿಗಾಗಿಯೇ ನನ್ನ ಕೂಸಿಗೆ ತಾತ ಇಲ್ಲವಾದದ್ದು? ಕೊರಳಿಗೆ ಕೊರಳು ಸೇರಿಸಲು ಅವರಿಗೆ ಒಂದು ರಾತ್ರಿ ಸಾಕಾಯಿತು. ನಮಗೆ? ಹೆದರಿಕೆಯನ್ನೆಲ್ಲ ಸಿಟ್ಟು ತಿಂದುಹಾಕಿತು. ಇಸ್ತ್ರಿಯ ಸ್ವಿಚ್ಚು ಆರಿಸಿ (ಆಮೇಲೆ ಇನ್ನೊಮ್ಮೆ ನೋಡಿ ಬಂದು) ಅಪ್ಪನಿಗೆ ಫೋನ್ ಹಚ್ಚಿದೆ.

ಬಹಳ ಹೊತ್ತು ಹೊಡೆದುಕೊಂಡಿತು. ಕೊನೆಗೆ ಯಾರೋ, ಯಾರ ಕರೆಯೆಂದೂ ನೋಡದೆ, ಎತ್ತಿದರು.

"ಹಲೋ, ಮಾವನ ಕಣ್ಣಿಗೆ ಡ್ರಾಪ್ಸ್ ಹಾಕಿದಾರೆ, ಈಗ ಮಾತಾಡೋಕಾಗಲ್ಲ. ಯಾರು?"

ಆ ಧ್ವನಿ ನನಗೆ ಗೊತ್ತು. ದಿನವೂ ನನ್ನ ಪಕ್ಕದಲ್ಲಿ ಗೊರಕೆ ಹೊಡೆಯುವ ಧ್ವನಿ.

"ರೀ?" ಎಂದೆ.

ಹಿಂದಿನಿಂದ ಅಪ್ಪ ಗಟ್ಟಿಯಾಗಿ, "ಯಾರು ಅಳಿಯಂದ್ರೇ? ಅವಳಾದ್ರೆ ನಾನಿಲ್ಲ ಅನ್ನಿ. ಆ ಸಂಪಾದಕೀಯ ಮುಂದಕ್ಕೆ ಓದಿ."

"ನೀವಿಲ್ಲ ಅಂತ ನೀವೇ ಕೂಗಿದ್ರೆ ನಾನೇನು ಹೇಳ್ಲಿ ಮಾವ?"

ಆಮೇಲೆ ಇವರು ತೊದಲುತ್ತ ಹೇಳಿದರು. ಅವತ್ತು ನನ್ನ ಸಭೆಗೆಂದೇ ಅಪ್ಪ ಹೊರಟಿದ್ದರಂತೆ. ತಮ್ಮ ಬಾಡಿಗೆ ಮನೆಯ ಮೆಟ್ಟಿಲು ಕಾಣದೆ ಬಿದ್ದರಂತೆ. ಬಿದ್ದಲ್ಲಿಂದ ಇವರಿಗೇ ಫೋನ್ ಮಾಡಿದರಂತೆ. ಎಡಗಣ್ಣು ಆಗಲೇ ಪೂರ್ತಿ ಹೋಗಿತ್ತು. ಹೋದದ್ದು ವಾಪಸ್ ಬರುವುದಿಲ್ಲ. ಬಲಗಣ್ಣನ್ನಾದರೂ ಉಳಿಸಲು ಶನಿವಾರ ಶನಿವಾರ ಈ ಆಸ್ಪತ್ರೆ. ಕಾಯುವ ಬೆಂಚಿನ ಮೇಲೆ ಕೂತು ಇವರು ಅಪ್ಪನ ವಿರೋಧ ಪಕ್ಷದ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಹೇಳುತ್ತಾರೆ, ತಮ್ಮದೇ ಪಕ್ಷವನ್ನು ಬೈದದ್ದನ್ನೂ ಸೇರಿಸಿ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹಾಸಿಗೆ ಹಿಡೀತೀಯ ಅಂತ ಮಾವ ಆಣೆ ಹಾಕಿಸ್ಕೊಂಡ್ರು ಕಣೇ."

ಗೋಡೆಗೆ ಒರಗಿ ಕೂತೆ. ಆಡಳಿತ ಪಕ್ಷವೂ ವಿರೋಧ ಪಕ್ಷವೂ ನನ್ನೆದುರು ಮುಖ ತಿರುಗಿಸಿಕೊಂಡು, ಒಳಗೊಳಗೇ ಒಂದಾಗಿ, ನನಗೆ ಏನು ತಿಳಿಯಬೇಕು ಏನು ತಿಳಿಯಬಾರದು ಎಂದು ಒಂದೇ ಬೆಂಚಿನಲ್ಲಿ ಕೂತು ತೀರ್ಮಾನಿಸಿದ್ದವು. ಸಂಧಾನ ಮಾಡಿಸುವವಳೆಂದು ಇಷ್ಟು ದಿನ ಬೀಗಿದವಳು, ಕೊನೆಗೂ ಏನೂ ತಿಳಿಯದ ಪ್ರಜೆ, ನಾನೊಬ್ಬಳೇ.

ಅಪ್ಪ ಫೋನ್ ಕಸಿದುಕೊಂಡರು. "ಅಳ್ತಿದೀಯಾ?"

"ಇಲ್ಲ."

"ನಮ್ಮ ಗರ್ಜನೆ ಆ ಕಡೆ ಹೋದನಂತಲ್ಲ, ಅಳಿಯಂದ್ರು ಓದಿದ್ರು. ಗೆದ್ದೆ ಅಂತ ಕುಣೀತಾರೆ ಅಂದ್ಕೊಂಡಿದ್ದೆ. ಓದ್ತಾ ಓದ್ತಾ ಮೂಗೆಳೆಯೋಕೆ ಶುರು ಮಾಡಿದ್ರು. ಮುಖ ಹೇಗಿತ್ತೋ, ನಂಗೆ ಕಾಣಿಸ್ಲಿಲ್ಲ."

"ಅಪ್ಪಾ, ಪುಟ್ಟೀನ ಕರ್ಕೊಂಡು ಈಗಲೇ ಬರ್ತೀನಿ."

"ಬಾ. ತೊಡೆ ಮೇಲೆ ಕೂರಿಸು. ಅಷ್ಟು ಹತ್ತಿರಕ್ಕಾದ್ರೆ ಇನ್ನೂ ಮುಖ ಕಾಣ್ತದೆ. ಆದ್ರೆ ದಾರೀಲಿ ಅಳ್ಕೊಂಡು ಬರ್ಬೇಡ ಮಾರಾಯ್ತಿ, ಇಲ್ಲಿ ಈ ನಿನ್ನ ಗಂಡನ್ನ ಸಮಾಧಾನ ಮಾಡೋದ್ರಲ್ಲೇ ನಂಗೆ ಸಾಕುಸಾಕಾಗಿದೆ."